ಗೋಡೆಯೊಳಗಿನ ನೊರೆ

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿಯನ್ನು ಉದ್ದಕ್ಕೆ ಸೀಳಿ, ನೀರಿನಲ್ಲಿ ತೊಳೆದು, ಹಲಗೆಯ ಮೇಲೆ ಬಿಡಿಸಿಟ್ಟರೆ ಅದರ ಒಳಮೈ ಎಳನೀರಿನ ಗಂಜಿಯ ಹಾಗೆ ಕಾಣಬೇಕು. ಅಷ್ಟೇ ನುಣುಪು, ಅಷ್ಟೇ ತೇವದ ಹೊಳಪು. ಹುಬ್ಬಳ್ಳಿಯಲ್ಲಿ ಪೆಥಾಲಜಿ ಎಂ.ಡಿ. ಓದುತ್ತಿದ್ದ ಮೊದಲ ವರ್ಷ ನನ್ನ ಮುಂದೆ ಬಂದ ಮಹಾಪಧಮನಿ ಬಹುಮಟ್ಟಿಗೆ ಹಾಗೆಯೇ ಇತ್ತು. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡ ಹುಡುಗನದು. ವಯಸ್ಸು ಇಪ್ಪತ್ತು ದಾಟಿ ಕೆಲವೇ ವರ್ಷ. ಹೃದಯಕ್ಕೂ ಆ ಸಾವಿಗೂ ಯಾವ ಸಂಬಂಧವೂ ಇರಲಿಲ್ಲ.

ಆದರೆ ಬೆನ್ನಿನ ಕಡೆಯ ಗೋಡೆಯಲ್ಲಿ, ಪಕ್ಕೆಲುಬುಗಳ ನಡುವೆ ಹೋಗುವ ಸಣ್ಣ ನಾಳಗಳು ಕವಲೊಡೆಯುವ ತೂತುಗಳ ಸುತ್ತ, ಅರಿಶಿನದ ಬೆರಳು ತಾಗಿಸಿದಂತೆ ಮಾಸಲು ಹಳದಿ ಗೀರುಗಳಿದ್ದವು. ನಮ್ಮ ಪ್ರಾಧ್ಯಾಪಕರು ಅದನ್ನು ಸುಡಾನ್ ಬಣ್ಣದಲ್ಲಿ ಅದ್ದಿಟ್ಟು ತೊಳೆದರು. ಸುಡಾನ್ ಕೊಬ್ಬಿಗೆ ಮಾತ್ರ ಹತ್ತುವ ಬಣ್ಣ. ಉಳಿದ ಗೋಡೆಯೆಲ್ಲ ಬೆಳ್ಳಗೇ ಉಳಿಯಿತು. ಗೀರುಗಳು ಮಾತ್ರ ಕುಂಕುಮದಂತೆ ಕೆಂಪಾದವು. "ಮುಟ್ಟಿ ನೋಡಮ್ಮ" ಎಂದರು. ಕೈಗವಸಿನ ಬೆರಳನ್ನು ಮೆಲ್ಲನೆ ಆಡಿಸಿದೆ. ಉಬ್ಬು ತಗ್ಗು ಏನೂ ತಿಳಿಯಲಿಲ್ಲ. ಕಣ್ಣಿಗೆ ಕಾಣುವುದು ಬೆರಳಿಗೆ ಸಿಗುತ್ತಿರಲಿಲ್ಲ.

ಆ ಹುಡುಗನನ್ನು ಹಿಂದಿನ ದಿನ ಯಾರಾದರೂ ಕೇಳಿದ್ದರೆ ಅವನು ಪ್ರಾಮಾಣಿಕವಾಗಿ "ನನಗೆ ಏನೂ ಆಗಿಲ್ಲ" ಎಂದೇ ಹೇಳುತ್ತಿದ್ದ.

ಹದಿನೆಂಟು ವರ್ಷಗಳ ನಂತರ ಇದೇ ಮಾತನ್ನು ನನ್ನ ತಮ್ಮನ ಬಾಯಿಂದ ಕೇಳಿದೆ. ಮನೆ ಸಾಲಕ್ಕೆ ವಿಮೆ ಬೇಕೆಂದು ರಕ್ತಪರೀಕ್ಷೆ ಮಾಡಿಸಿದ್ದ. ವರದಿಯ ಫೋಟೋ ಮೊಬೈಲಿಗೆ ಬಂತು. ಬೆನ್ನಿಗೇ ಕರೆಯೂ ಬಂತು. "ಅಕ್ಕಾ, ಒಂದು ಸಾಲು ದಪ್ಪ ಅಕ್ಷರದಲ್ಲಿದೆ. ತೊಂದರೆ ಏನಿಲ್ಲ ತಾನೆ?" ಎಲ್‌ಡಿಎಲ್ ಕೊಲೆಸ್ಟ್ರಾಲ್ 218, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಅವನಿಗೆ 34 ವರ್ಷ. ತೆಳ್ಳಗಿದ್ದಾನೆ, ಬೆಳಿಗ್ಗೆ ಎದ್ದು ಓಡುತ್ತಾನೆ, ಮಾಂಸ ಮುಟ್ಟುವುದಿಲ್ಲ, ಬೀಡಿ ಸಿಗರೇಟಿನ ಸಹವಾಸವಿಲ್ಲ. ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆಯಲ್ಲಿ ಬೆಳೆದ ಮೈ. "ನನಗೆ ಏನೂ ಆಗಿಲ್ಲವಲ್ಲ ಅಕ್ಕಾ. ಆದಾಗ ನೋಡೋಣ" ಎಂದ. ನನಗೆ ಸುಡಾನ್ ಬಣ್ಣದ ಆ ಕೆಂಪು ಗೀರುಗಳು ಕಣ್ಣ ಮುಂದೆ ಬಂದವು. ಅಂದು ರಾತ್ರಿ ಅವನಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಲೆಸ್ಟ್ರಾಲ್ ಎಂದ ಕೂಡಲೇ ನಮ್ಮೆಲ್ಲರ ಮನಸ್ಸಿಗೆ ಬರುವುದು ನೀರಿನ ಕೊಳವೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಗೀಸರಿನ ಕೊಳವೆ ಕಿರಿದಾಗುವಂತೆ, ರಕ್ತದಲ್ಲಿನ ಕೊಬ್ಬು ನಾಳದ ಒಳಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ, ಪೂರ್ತಿ ಕಟ್ಟಿಕೊಂಡ ದಿನ ಎದೆನೋವು ಬರುತ್ತದೆ ಎಂಬ ಚಿತ್ರ. ಆಸ್ಪತ್ರೆಗಳ ಗೋಡೆಗೆ ತೂಗುಹಾಕಿದ ಚಿತ್ರಪಟಗಳೂ ಇದನ್ನೇ ತೋರಿಸುತ್ತವೆ. ಈ ಚಿತ್ರ ತಪ್ಪು, ಮತ್ತು ಈ ತಪ್ಪಿನಿಂದ ಜನ ಸಾಯುತ್ತಾರೆ ಎಂದೇ ನಾನು ನಂಬಿದ್ದೇನೆ. ಏಕೆಂದರೆ ಕೊಳವೆಯನ್ನು ನಂಬಿದವನು ನೀರು ಸಣ್ಣಗೆ ಬರುವವರೆಗೆ ಕಾಯುತ್ತಾನೆ.

ಅಪಧಮನಿಯಲ್ಲಿ ಕೊಬ್ಬು ಒಳಮೈ ಮೇಲೆ ಕೂರುವುದಿಲ್ಲ. ಗೋಡೆಯ ಒಳಕ್ಕೆ ಹೋಗುತ್ತದೆ. ಗೋಡೆ ಸುಮ್ಮನಿರುವ ಕಬ್ಬಿಣವಲ್ಲ, ಜೀವಕೋಶಗಳ ಊರು. ಒಳಗೆ ಗಂಟು ಬೆಳೆಯುತ್ತಾ ಹೋದಂತೆ ನಾಳ ಹೊರಮುಖವಾಗಿ ಹಿಗ್ಗಿ ರಕ್ತಕ್ಕೆ ದಾರಿ ಬಿಟ್ಟುಕೊಡುತ್ತದೆ. ಷಿಕಾಗೋದ ಸೀಮೋರ್ ಗ್ಲಾಗೊವ್ ಮತ್ತು ಜೊತೆಗಾರರು 136 ಹೃದಯಗಳನ್ನು ಅಳೆದು 1987ರಲ್ಲಿ ಇದನ್ನು ತೋರಿಸಿದರು: ಗೋಡೆಯ ಗಂಟು ಸುಮಾರು 40 ಶೇಕಡಾ ಜಾಗವನ್ನು ಆಕ್ರಮಿಸುವವರೆಗೂ ರಕ್ತ ಹರಿಯುವ ದಾರಿ ಕಿರಿದಾಗುವುದಿಲ್ಲ. ಅಲ್ಲಿಯವರೆಗೆ ನೋವಿಲ್ಲ, ಏದುಸಿರಿಲ್ಲ, ಇಸಿಜಿಯಲ್ಲಿ ಏರುಪೇರಿಲ್ಲ. ಏನೂ ಆಗಿಲ್ಲ ಎಂದು ದೇಹವೇ ಸಾಕ್ಷಿ ಹೇಳುತ್ತಿರುತ್ತದೆ.

ಹಾಗಾದರೆ ಮೊಟ್ಟಮೊದಲು ಆಗುವುದು ಏನು?

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗದು. ಆದ್ದರಿಂದ ರಕ್ತದಲ್ಲಿ ಅದು ಒಂಟಿಯಾಗಿ ತಿರುಗಾಡುವುದಿಲ್ಲ. ಎಲ್‌ಡಿಎಲ್ ಎಂಬುದು ಅದನ್ನು ಹೊತ್ತೊಯ್ಯುವ ಗುಂಡನೆಯ ಪೊಟ್ಟಣ. ಒಂದು ಮಿಲಿಮೀಟರಿನಲ್ಲಿ ಸಾಲಾಗಿ ಜೋಡಿಸಿದರೆ ಸುಮಾರು 45,000 ಪೊಟ್ಟಣಗಳು ಹಿಡಿಸುತ್ತವೆ, ಅಷ್ಟು ಚಿಕ್ಕದು. ಪ್ರತಿ ಪೊಟ್ಟಣದ ಮೈಗೂ ಅಪೊಬಿ ಎಂಬ ಒಂದೇ ಒಂದು ಉದ್ದನೆಯ ಪ್ರೋಟೀನ್ ದಾರದ ಹಾಗೆ ಸುತ್ತಿಕೊಂಡಿರುತ್ತದೆ. ಈ ದಾರವನ್ನು ನೆನಪಿಟ್ಟುಕೊಳ್ಳಿ.

ಅಪಧಮನಿಯ ಒಳಮೈ ಒಂದೇ ಒಂದು ಕೋಶದಷ್ಟು ದಪ್ಪದ ಹಾಸು. ಅದಕ್ಕೆ ಎಂಡೊಥೀಲಿಯಂ ಎಂದು ಹೆಸರು. ರಕ್ತದಲ್ಲಿನ ಎಲ್‌ಡಿಎಲ್ ಈ ಹಾಸನ್ನು ಎಲ್ಲೋ ಹರಿದು ಒಳನುಗ್ಗುವುದಿಲ್ಲ. ಕೋಶವೇ ತನ್ನ ರಕ್ತದ ಕಡೆಯ ಮಗ್ಗುಲಿನಲ್ಲಿ ಸಣ್ಣ ಗುಳಿ ಮಾಡಿ ಅದನ್ನು ಒಳಗೆಳೆದುಕೊಂಡು, ಚೀಲದಲ್ಲಿಟ್ಟು ದಾಟಿಸಿ, ಗೋಡೆಯ ಕಡೆಯ ಮಗ್ಗುಲಿನಲ್ಲಿ ಬಿಡುತ್ತದೆ. ಎಲ್ಲರಲ್ಲೂ, ಎಲ್ಲ ಹೊತ್ತಿನಲ್ಲೂ ನಡೆಯುವ ಸಾಗಣೆ ಇದು. ರಕ್ತದಲ್ಲಿ ಪೊಟ್ಟಣಗಳು ಹೆಚ್ಚಿದ್ದಷ್ಟೂ ದಾಟುವುವು ಹೆಚ್ಚು. ಅವುಗಳಲ್ಲಿ ಬಹುಪಾಲು ಮತ್ತೆ ಹೊರಗೆ ಹೋಗುತ್ತವೆ.

ಕೆಲವು ಹೋಗುವುದಿಲ್ಲ. ಹಾಸಿನ ಕೆಳಗೆ ಸಕ್ಕರೆಯ ಎಳೆಗಳನ್ನು ಹೊತ್ತ ಪ್ರೋಟೀನುಗಳ ಒಂದು ಪೊದೆ ಇದೆ. ಆ ಎಳೆಗಳ ಮೇಲೆ ಋಣ ವಿದ್ಯುದಂಶ. ಅಪೊಬಿ ದಾರದಲ್ಲಿ ಅಲ್ಲಲ್ಲಿ ಧನ ವಿದ್ಯುದಂಶದ ತುಣುಕುಗಳಿವೆ. ಹೊಲದ ಬದುವಿನಲ್ಲಿ ನಡೆದರೆ ಸೀರೆಯ ಅಂಚಿಗೆ ಉತ್ತರಾಣಿ ಹತ್ತಿಕೊಳ್ಳುವ ಹಾಗೆ ಪೊಟ್ಟಣ ಅಲ್ಲಿ ಹತ್ತಿಕೊಳ್ಳುತ್ತದೆ. ರೋಗದ ಮೊದಲ ಹೆಜ್ಜೆ ಇದೇ ಎಂದು ಕೆವಿನ್ ಜಾನ್ ವಿಲಿಯಮ್ಸ್ ಮತ್ತು ಇರಾ ಟಾಬಾಸ್ 1995ರಲ್ಲಿ ವಾದ ಮಂಡಿಸಿದರು. ಏಳು ವರ್ಷಗಳ ನಂತರ ಸ್ವೀಡನ್ನಿನ ಗೋಥೆನ್‌ಬರ್ಗಿನ ಸಂಶೋಧಕರು ಒಂದು ಸೊಗಸಾದ ಪ್ರಯೋಗ ಮಾಡಿದರು: ಅಪೊಬಿಯ ಆ ಅಂಟುವ ತುಣುಕನ್ನಷ್ಟೇ ಬದಲಿಸಿದ ಇಲಿಗಳನ್ನು ಸಾಕಿದರು. ರಕ್ತದಲ್ಲಿ ಕೊಲೆಸ್ಟ್ರಾಲ್ ಅಷ್ಟೇ ಹೆಚ್ಚು. ಆದರೆ ಗೋಡೆಯಲ್ಲಿ ರೋಗ ಬಹಳ ಕಡಿಮೆ. ಅಂಟಿಕೊಳ್ಳುವುದು ತಪ್ಪಿದರೆ ಮುಂದಿನ ಕಥೆಯೂ ತಡವರಿಸುತ್ತದೆ.

ಅಂಟಿಕೊಂಡ ಪೊಟ್ಟಣ ಕೆಡುತ್ತದೆ. ರಕ್ತದಲ್ಲಿದ್ದಾಗ ಅದನ್ನು ಕಾಪಾಡುತ್ತಿದ್ದ ವಸ್ತುಗಳು ಇಲ್ಲಿಲ್ಲ. ಆಮ್ಲಜನಕದ ಚುರುಕು ರೂಪಗಳು ಅದರ ಕೊಬ್ಬನ್ನು ಮುರಿಯುತ್ತವೆ. ಎಣ್ಣೆ ಬಹಳ ದಿನ ತೆರೆದಿಟ್ಟರೆ ಕಮಟು ವಾಸನೆ ಬರುತ್ತದಲ್ಲ, ಅದೇ ಜಾತಿಯ ರಸಾಯನಕ್ರಿಯೆ. ಕಿಣ್ವಗಳು ಪೊಟ್ಟಣಗಳನ್ನು ಒಂದಕ್ಕೊಂದು ಬೆಸೆದು ಉಂಡೆಕಟ್ಟಿಸುತ್ತವೆ. ಈ ಕೆಟ್ಟ ಕೊಬ್ಬಿನ ಸುದ್ದಿ ಮೇಲಿನ ಹಾಸನ್ನು ಮುಟ್ಟುತ್ತದೆ, ಮತ್ತು ಆವರೆಗೆ ಶಾಂತವಾಗಿದ್ದ ಕೋಶಗಳು ತಮ್ಮ ಸ್ವಭಾವವನ್ನೇ ಬದಲಿಸುತ್ತವೆ.

ಆರೋಗ್ಯವಾಗಿರುವ ಎಂಡೊಥೀಲಿಯಂ ಯಾವುದನ್ನೂ ಅಂಟಿಸಿಕೊಳ್ಳದ ಮೈ. ಅದರ ಇನ್ನೊಂದು ಕೆಲಸವನ್ನು ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯ ತುಂಡುಗಳಲ್ಲಿ ಕಂಡುಹಿಡಿದರು. ಒಂದು ರಾಸಾಯನಿಕ ಹಾಕಿದರೆ ನಾಳ ಸಡಿಲಗೊಳ್ಳಬೇಕು. ಒಳಹಾಸನ್ನು ಅರಿಯದೆ ಉಜ್ಜಿ ತೆಗೆದ ತುಂಡುಗಳು ಸಡಿಲಗೊಳ್ಳುತ್ತಿರಲಿಲ್ಲ. ಹಾಸಿನಿಂದ ಬರುವ ಆ ಅಪ್ಪಣೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂಬುದು ಆಮೇಲೆ ತಿಳಿಯಿತು. 1998ರಲ್ಲಿ ಈ ಸಾಲಿನ ಸಂಶೋಧನೆಗೆ ನೊಬೆಲ್ ಬಂತು. ಕೊಲೆಸ್ಟ್ರಾಲ್ ಏರಿದವರಲ್ಲಿ ಈ ಅನಿಲದ ಕೆಲಸ ಕುಗ್ಗುತ್ತದೆ. ಗೋಡೆಯಲ್ಲಿ ಕಣ್ಣಿಗೆ ಕಾಣುವ ಗೀರು ಇನ್ನೂ ಮೂಡಿರುವುದಿಲ್ಲ, ಆಗಲೇ ನಾಳ ಬೇಕಾದಾಗ ಬೇಕಾದಷ್ಟು ಸಡಿಲಗೊಳ್ಳುವುದನ್ನು ಮರೆಯತೊಡಗುತ್ತದೆ.

ಜೊತೆಗೆ, ನುಣುಪಾಗಿದ್ದ ಮೈಯಲ್ಲಿ ಕೊಕ್ಕೆಗಳು ಮೂಡುತ್ತವೆ. ಬಾಸ್ಟನ್ನಿನಲ್ಲಿ ಮೈರನ್ ಸಿಬುಲ್ಸ್ಕಿ ಮತ್ತು ಮೈಕೆಲ್ ಗಿಂಬ್ರೋನ್ 1991ರಲ್ಲಿ ಇದನ್ನು ಮೊಲಗಳಲ್ಲಿ ತೋರಿಸಿದರು. ಕೊಲೆಸ್ಟ್ರಾಲ್ ಬೆರೆಸಿದ ಆಹಾರ ತಿಂದ ಮೊಲಗಳ ಒಳಹಾಸಿನಲ್ಲಿ ವಿಕ್ಯಾಮ್ ಎಂಬ ಪ್ರೋಟೀನ್ ಹೊರಚಾಚುತ್ತದೆ. ಹರಿಯುತ್ತಾ ಹೋಗುವ ಬಿಳಿ ರಕ್ತಕಣಗಳನ್ನು ಅದು ಹಿಡಿದು ನಿಲ್ಲಿಸುತ್ತದೆ. ಇದು ವರ್ಷಗಳ ಮಾತಲ್ಲ. ಆಹಾರ ಬದಲಿಸಿದ ಒಂದು ವಾರದೊಳಗೇ ಆ ಕೊಕ್ಕೆಗಳು ಕಾಣಿಸಿಕೊಂಡವು ಎಂದು ನಂತರದ ಕೆಲಸ ತಿಳಿಸಿತು. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಮುದುಕರ ರೋಗ ಎಂದು ನಾವು ಕರೆಯುವುದರ ಮೊದಲ ಅಕ್ಷರ ಒಂದು ವಾರದಲ್ಲಿ ಬರೆದಾಗುತ್ತದೆ.

ಎಲ್ಲ ಕಡೆಯೂ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆ ಹುಡುಗನ ಗೀರುಗಳು ಕವಲುಗಳ ಸುತ್ತಲೇ ಏಕಿದ್ದವು? ನಮ್ಮೂರು ತುಂಗಭದ್ರೆಯಿಂದ ದೂರವಿಲ್ಲ. ಹೊಳೆ ತಿರುಗುವಲ್ಲಿ ಮರಳು ಕಟ್ಟುವುದನ್ನು ನೋಡಿ ಬೆಳೆದವಳಾದ್ದರಿಂದ ನಾನೂ ಮೊದಲಿಗೆ ಹಾಗೆಯೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಹೂಳು ತುಂಬುವುದಿಲ್ಲ. ರಕ್ತ ಒಂದೇ ದಿಕ್ಕಿಗೆ ರಭಸವಾಗಿ ಹರಿಯುವ ನೇರ ಭಾಗದಲ್ಲಿ ಒಳಹಾಸಿನ ಕೋಶಗಳು ಹರಿವಿನ ಗುಂಟ ಉದ್ದಕ್ಕೆ ಚಾಚಿ, ಹೊಳೆಗೆ ಮುಖಮಾಡಿ ನಿಂತ ಮೀನಿನ ಸಾಲಿನಂತೆ ಇರುತ್ತವೆ. ಆ ತಳ್ಳುವಿಕೆಯೇ ಅವುಗಳನ್ನು ಶಾಂತವಾಗಿಡುತ್ತದೆ. ಕವಲಿನಲ್ಲಿ ಹರಿವು ಸುಳಿದು ಹಿಂದೆ ಮುಂದೆ ತೂಗುತ್ತದೆ. ಅಲ್ಲಿನ ಕೋಶಗಳಿಗೆ ನೆಟ್ಟಗಿನ ಸಾಲಿಲ್ಲ, ಅವು ಮೊದಲೇ ಕಳವಳದಲ್ಲಿರುತ್ತವೆ. ಎಲ್‌ಡಿಎಲ್ ಮೊದಲು ಅಂಟುವುದೂ ಅಲ್ಲೇ, ಕೊಕ್ಕೆ ಮೊದಲು ಮೂಡುವುದೂ ಅಲ್ಲೇ.

ಕೊಕ್ಕೆಗೆ ಸಿಕ್ಕ ಬಿಳಿ ರಕ್ತಕಣದ ಹೆಸರು ಮಾನೊಸೈಟ್. ಉರುಳುತ್ತಾ ಬಂದು, ನಿಂತು, ಎರಡು ಕೋಶಗಳ ಸಂದಿಯಲ್ಲಿ ಮೈಯನ್ನು ತೆಳ್ಳಗೆ ಮಾಡಿಕೊಂಡು ಒಳಗೆ ಇಳಿಯುತ್ತದೆ. ಒಳಗೆ ಅದು ಮ್ಯಾಕ್ರೊಫೇಜ್ ಆಗಿ ಬೆಳೆಯುತ್ತದೆ. ಸತ್ತದ್ದನ್ನು, ಕೆಟ್ಟದ್ದನ್ನು ತಿಂದು ಜಾಗ ಶುಚಿಮಾಡುವುದು ಅದರ ಹುಟ್ಟುಗುಣ. ಅದು ಬಂದಿರುವುದು ಒಳ್ಳೆಯ ಕೆಲಸಕ್ಕೆ.

ಇಲ್ಲಿ ಒಂದು ಒಗಟಿತ್ತು. ಡಲ್ಲಾಸಿನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಎಲ್‌ಡಿಎಲ್ ಅನ್ನು ಕೋಶದೊಳಗೆ ಬರಮಾಡಿಕೊಳ್ಳುವ ಗ್ರಾಹಕವನ್ನು ಕಂಡುಹಿಡಿದಿದ್ದರು. 1985ರಲ್ಲಿ ಅವರಿಗೆ ನೊಬೆಲ್ ಕೊಡಿಸಿದ ಕೆಲಸವದು. ಈ ಗ್ರಾಹಕ ಬಹಳ ಮರ್ಯಾದಸ್ಥ. ಊಟದ ಪಂಕ್ತಿಯಲ್ಲಿ ಹೊಟ್ಟೆ ತುಂಬಿದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಕೋಶಕ್ಕೆ ಸಾಕಾದಷ್ಟು ಕೊಲೆಸ್ಟ್ರಾಲ್ ಬಂದ ಕೂಡಲೇ ಗ್ರಾಹಕಗಳ ಸಂಖ್ಯೆ ಇಳಿಯುತ್ತದೆ. ಹಾಗಿದ್ದರೆ ಮ್ಯಾಕ್ರೊಫೇಜ್ ಉಬ್ಬುವಷ್ಟು ತಿನ್ನುವುದು ಹೇಗೆ? ಅದಕ್ಕಿಂತ ವಿಚಿತ್ರವೆಂದರೆ, ಈ ಗ್ರಾಹಕವೇ ಇಲ್ಲದೆ ಹುಟ್ಟಿದ ಮಕ್ಕಳ ಮೈಯಲ್ಲಿ ಮ್ಯಾಕ್ರೊಫೇಜ್‌ಗಳು ಎಲ್ಲರಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡಿರುತ್ತಿದ್ದವು. ಬಾಗಿಲೇ ಇಲ್ಲದ ಮನೆಯೊಳಗೆ ಸಾಮಾನು ಬಂದಂತೆ. 1979ರಲ್ಲಿ ಅದೇ ಪ್ರಯೋಗಾಲಯದಿಂದ ಉತ್ತರ ಬಂತು. ಸಹಜವಾದ ಎಲ್‌ಡಿಎಲ್ ಕೊಟ್ಟರೆ ಮ್ಯಾಕ್ರೊಫೇಜ್ ಅಷ್ಟಾಗಿ ಮುಟ್ಟುವುದಿಲ್ಲ. ರಾಸಾಯನಿಕವಾಗಿ ಬದಲಾದ ಎಲ್‌ಡಿಎಲ್ ಕೊಟ್ಟರೆ ಬಾಚಿ ನುಂಗುತ್ತದೆ, ಬೇರೆಯೇ ಒಂದು ಬಾಗಿಲಿನಿಂದ. ಆ ಬಾಗಿಲಿಗೆ ಸಾಕು ಎನ್ನುವುದು ಗೊತ್ತಿಲ್ಲ. ಎಲೆಯ ಮೇಲೆ ಕೈ ಅಡ್ಡ ಬರುವುದೇ ಇಲ್ಲ.

ಹೀಗೆ ತಿಂದು ತಿಂದು ಹೊಟ್ಟೆಯ ತುಂಬ ಕೊಬ್ಬಿನ ಹನಿಗಳನ್ನು ಹೊತ್ತ ಕೋಶಕ್ಕೆ ನಾವು ನೊರೆಕೋಶ ಎನ್ನುತ್ತೇವೆ. ಈ ಹೆಸರಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸ್ಲೈಡ್ ಮಾಡುವಾಗ ಅಂಗಾಂಶವನ್ನು ಆಲ್ಕೊಹಾಲಿನಲ್ಲಿ, ಆಮೇಲೆ ಜೈಲೀನಿನಲ್ಲಿ ಅದ್ದಿ, ಮೇಣದಲ್ಲಿ ಹುದುಗಿಸುತ್ತೇವೆ. ಆ ದ್ರವಗಳು ಕೊಬ್ಬನ್ನೆಲ್ಲ ಕರಗಿಸಿ ಒಯ್ಯುತ್ತವೆ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕೊಬ್ಬು ಇದ್ದ ಜಾಗದ ಖಾಲಿ ಗುಳ್ಳೆಗಳು. ಹಾಲು ಕರೆದ ಚೊಂಬಿನ ಮೇಲಿನ ನೊರೆಯಂತೆ. ನಾವು ನೊರೆ ಎನ್ನುವುದು ಕೊಬ್ಬು ಬಿಟ್ಟುಹೋದ ಖಾಲಿತನವನ್ನು. ಕೊಬ್ಬನ್ನೇ ನೋಡಬೇಕೆಂದರೆ ಮೇಣದ ದಾರಿ ಬಿಟ್ಟು, ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕೊಯ್ದು ಕೆಂಪು ಎಣ್ಣೆಬಣ್ಣ ಹಾಕಬೇಕು. ಆಗ ಪ್ರತಿ ಕೋಶವೂ ದಾಳಿಂಬೆ ಒಡೆದಂತೆ ಕಾಣುತ್ತದೆ. ಆ ಹುಡುಗನ ಗೀರನ್ನು ಹಾಗೆ ನೋಡಿದ್ದೆ. ಬೆರಳಿಗೆ ಸಿಗದ ಗೀರಿನೊಳಗೆ ದಾಳಿಂಬೆಯ ಸಾಲುಗಳು.

ಇದನ್ನು ಮೊದಲು ಕಂಡವರು ರಷ್ಯದವರು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕೊವ್ ಎಂಬ ತರುಣ ರೋಗತಜ್ಞ ಸೆಮ್ಯೋನ್ ಖಲಾತೊವ್ ಜೊತೆಗೂಡಿ, ಶುದ್ಧ ಕೊಲೆಸ್ಟ್ರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. 1913ರಲ್ಲಿ ಅವರ ವರದಿ ಬಂತು: ಮೊಲಗಳ ಮಹಾಪಧಮನಿಯಲ್ಲಿ ಮನುಷ್ಯರದ್ದೇ ಬಗೆಯ ಗೀರುಗಳು, ಅವುಗಳಲ್ಲಿ ಕೊಬ್ಬು ತುಂಬಿದ ಕೋಶಗಳು. ಮೂರು ವರ್ಷ ಮೊದಲು ಜರ್ಮನಿಯ ಅಡಾಲ್ಫ್ ವಿಂಡೌಸ್, ರೋಗ ಹತ್ತಿದ ಮನುಷ್ಯರ ಮಹಾಪಧಮನಿಯಲ್ಲಿ ಒಂದು ಬಗೆಯ ಕೊಲೆಸ್ಟ್ರಾಲ್ ಸಹಜಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಇದೆ ಎಂದು ಅಳೆದಿದ್ದರು. ಎರಡನ್ನೂ ಜೋಡಿಸಿದ್ದರೆ ಸಾಕಿತ್ತು. ಆದರೆ ಮಾಮೂಲಿ ಇಲಿಗಳಲ್ಲಿ, ನಾಯಿಗಳಲ್ಲಿ ಇದೇ ಪ್ರಯೋಗ ಫಲಿಸಲಿಲ್ಲ. ಅವುಗಳ ದೇಹ ಕೊಲೆಸ್ಟ್ರಾಲನ್ನು ಬೇಗ ಪಿತ್ತಕ್ಕೆ ಬದಲಿಸಿ ಸಾಗಹಾಕುತ್ತದೆ, ರಕ್ತದಲ್ಲಿ ಅದು ಏರುವುದೇ ಇಲ್ಲ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದರ ಮಾತು ಮನುಷ್ಯನಿಗೆ ಹೊಂದದು ಎಂದು ವೈದ್ಯಲೋಕ ಮುಖ ತಿರುಗಿಸಿ, ದಶಕಗಳ ಕಾಲ ಹಾಗೆಯೇ ಉಳಿಯಿತು. ಆ ದಶಕಗಳಲ್ಲಿ ಸತ್ತವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗೀರಿನ ನಂತರದ ಕಥೆ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ನೊರೆಕೋಶಗಳು ಸಾಯುತ್ತವೆ, ಸತ್ತವನ್ನು ಎತ್ತಬೇಕಾದ ಕೋಶಗಳೂ ಹೊಟ್ಟೆ ಬಿರಿದು ಸಾಯುತ್ತವೆ. ಕೊಲೆಸ್ಟ್ರಾಲ್ ಹರಳುಗಟ್ಟಿ ಉರಿಯೂತವನ್ನು ಇನ್ನಷ್ಟು ಕೆದಕುತ್ತದೆ. ನಡುಪದರದ ಸ್ನಾಯುಕೋಶಗಳು ಮೇಲೆ ವಲಸೆ ಬಂದು ನಾರಿನ ಮುಚ್ಚಳ ನೇಯುತ್ತವೆ. ಮುಚ್ಚಳದ ಕೆಳಗೆ ಉಳಿಯುವುದು ಮೆತ್ತನೆಯ ಮುದ್ದೆ. ಈ ರೋಗಕ್ಕೆ ಅಥೆರೊಸ್ಕ್ಲೆರೋಸಿಸ್ ಎಂದು 1904ರಲ್ಲಿ ಫೆಲಿಕ್ಸ್ ಮಾರ್ಶಾಂಡ್ ಹೆಸರಿಟ್ಟಾಗ ಆಯ್ದುಕೊಂಡ ಗ್ರೀಕ್ ಪದ ಅಥೆರೆ. ಅದರ ಅರ್ಥ ಗಂಜಿ. ಎಳನೀರಿನ ಗಂಜಿಯಂತಿದ್ದ ಗೋಡೆಯೊಳಗೆ ಇನ್ನೊಂದು ಬಗೆಯ ಗಂಜಿ. ಒಂದು ದಿನ ಮುಚ್ಚಳ ಒಡೆದು ಆ ಗಂಜಿ ರಕ್ತಕ್ಕೆ ತಾಗಿದರೆ ಕ್ಷಣದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೃದಯಾಘಾತ ಎಂದು ನಾವು ಕರೆಯುವುದು ಬಹಳಷ್ಟು ಸಲ ಆ ಕ್ಷಣವನ್ನು.

ನನ್ನ ಅಪ್ಪನಿಗೆ ಆ ಕ್ಷಣ 46ನೇ ವಯಸ್ಸಿನಲ್ಲಿ ಬಂತು. ಬಸ್ ಕಂಡಕ್ಟರ್ ಆಗಿದ್ದರು. ಹಾವೇರಿಯಿಂದ ಹೊರಟ ಬೆಳಗಿನ ಬಸ್ಸು ರಾಣೆಬೆನ್ನೂರು ಮುಟ್ಟುವ ಮೊದಲೇ ಸೀಟಿನಲ್ಲಿ ಕುಸಿದರು. ನಾನು ಪಿಯುಸಿ ಮುಗಿಸಿ ಎಂಬಿಬಿಎಸ್ ಸೇರಿದ ವರ್ಷ. ತಮ್ಮ ಇನ್ನೂ ಮೂರನೇ ತರಗತಿ. ಅಪ್ಪನೂ ತೆಳ್ಳಗಿದ್ದರು. "ಕೆಲಸದ ಒತ್ತಡ" ಎಂದರು ಬಂದವರೆಲ್ಲ.

ಅಪ್ಪನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ಆ ಹಗ್ಗ, ನನ್ನ ಹೆಬ್ಬೆರಳಿಗಿಂತ ದಪ್ಪವಾಗಿತ್ತು. ಬೂಟಿನ ಹಿಂಭಾಗ ಉಜ್ಜುತ್ತದೆಂದು ಅದನ್ನು ಮಡಿಸಿ ತುಳಿದುಕೊಂಡು ಹೋಗುತ್ತಿದ್ದರು. ಬೆರಳ ಗೆಣ್ಣುಗಳ ಮೇಲೂ ಸಣ್ಣ ಗಂಟುಗಳಿದ್ದವು; ಟಿಕೆಟ್ ಹರಿದು ಹರಿದು ಆದವು ಎಂದು ನಾವು ಮಕ್ಕಳು ಅಂದುಕೊಂಡಿದ್ದೆವು. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಬೂದು ಬಣ್ಣದ ಬಳೆ. "ಹಗಲೆಲ್ಲ ಬಸ್ಸಿನಲ್ಲಿ ನಿಂತು ನಿಂತು ಕಾಲು ಹೀಗಾಗಿದೆ" ಎನ್ನುತ್ತಾ ಅವ್ವ ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ನಾನೂ ತಿಕ್ಕಿದ್ದೇನೆ.

ಎಂ.ಡಿ. ಎರಡನೇ ವರ್ಷದಲ್ಲಿ ಒಂದು ಸ್ಲೈಡ್ ಬಂತು, ಯಾರದೋ ಹಿಮ್ಮಡಿಯ ಗಂಟಿನದು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಸ್ನಾಯುರಜ್ಜುವಿನ ನಾರುಗಳ ನಡುವೆ ಸಾಲು ಸಾಲು ನೊರೆಕೋಶಗಳು. ಮಹಾಪಧಮನಿಯ ಗೀರಿನಲ್ಲಿ ಕಂಡವೇ. ಅದೇ ಕೊಬ್ಬು, ಅದೇ ಕೋಶ, ಜಾಗ ಮಾತ್ರ ಬೇರೆ. ಅಪ್ಪನ ಹೃದಯದ ಗೋಡೆಗಳಲ್ಲಿ ನಡೆಯುತ್ತಿದ್ದದ್ದು ಅವರ ಕಾಲಿನ ಮೇಲೆ ನಮ್ಮ ಕಣ್ಣೆದುರಿಗೇ ಬರೆದಿತ್ತು. ಪ್ರತಿ ರಾತ್ರಿ ಅದನ್ನು ಮುಟ್ಟುತ್ತಿದ್ದೆವು. ಓದಲು ಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ.

ಇದಕ್ಕೆ ಕೌಟುಂಬಿಕ ಅತಿ ಕೊಲೆಸ್ಟ್ರಾಲ್ ಎನ್ನಬಹುದು. ನಾರ್ವೆಯ ಕಾರ್ಲ್ ಮುಲ್ಲರ್ 1938ರಲ್ಲೇ ಈ ಮೂರನ್ನು, ಅಂದರೆ ಸ್ನಾಯುರಜ್ಜುವಿನ ಗಂಟು, ಏರಿದ ಕೊಲೆಸ್ಟ್ರಾಲ್, ಕಿರಿವಯಸ್ಸಿನ ಹೃದಯರೋಗವನ್ನು, ವಂಶದಲ್ಲಿ ಒಟ್ಟಾಗಿ ಇಳಿದು ಬರುವ ಒಂದೇ ಕಾಯಿಲೆ ಎಂದು ಗುರುತಿಸಿದ್ದರು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ, ಅಪರೂಪವೇನಲ್ಲ. ಎಲ್‌ಡಿಎಲ್ ಗ್ರಾಹಕದ ಎರಡು ವಂಶವಾಹಿಗಳಲ್ಲಿ ಒಂದು ಕೆಟ್ಟಿರುತ್ತದೆ. ಯಕೃತ್ತಿಗೆ ರಕ್ತದಿಂದ ಪೊಟ್ಟಣ ಎತ್ತಿಕೊಳ್ಳುವ ಕೈಗಳು ಅರ್ಧ. ಉಳಿದವರಲ್ಲಿ ಎರಡೂವರೆ ದಿನ ತಿರುಗುವ ಎಲ್‌ಡಿಎಲ್ ಇವರಲ್ಲಿ ಹೆಚ್ಚುಕಡಿಮೆ ಅದರ ದುಪ್ಪಟ್ಟು ದಿನ ತಿರುಗುತ್ತದೆ. ಗೋಡೆ ಹೊಕ್ಕುವ, ಉತ್ತರಾಣಿಯಂತೆ ಅಂಟುವ ಅವಕಾಶವೂ ಅಷ್ಟೇ ಹೆಚ್ಚು. ಮತ್ತು ಇದು 34ರಲ್ಲಿ ಶುರುವಾದದ್ದಲ್ಲ, ಹುಟ್ಟಿದ ದಿನದಿಂದ. ನನ್ನದೂ ಪರೀಕ್ಷೆ ಮಾಡಿಸಿದೆ: 104. ಅಪ್ಪನಿಂದ ನನಗೆ ಬಂದದ್ದು ಸರಿಯಿದ್ದ ವಂಶವಾಹಿ, ತಮ್ಮನಿಗೆ ಬಂದದ್ದು ಇನ್ನೊಂದು. ಎಂ.ಡಿ. ಓದುವಾಗಲೇ ನಾನು ಅವನ ರಕ್ತ ತೆಗೆಸಬೇಕಿತ್ತು. ಸ್ಲೈಡ್ ಗುರುತಿಸಿದೆ, ಅಪ್ಪನನ್ನು ನೆನೆದು ಅತ್ತೆ, ಅಲ್ಲಿಗೆ ನಿಲ್ಲಿಸಿದೆ. ಆ ವರ್ಷಗಳು ತಮ್ಮನ ಗೋಡೆಗಳಲ್ಲಿ ಲೆಕ್ಕಕ್ಕೆ ಸೇರಿವೆ.

ಲೆಕ್ಕ ಎಂದೇ ಹೇಳುತ್ತೇನೆ, ಏಕೆಂದರೆ ಎಷ್ಟು ಎನ್ನುವುದರಷ್ಟೇ ಎಷ್ಟು ವರ್ಷ ಎನ್ನುವುದೂ ಮುಖ್ಯ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದರು. ಸರಾಸರಿ ವಯಸ್ಸು 22. ಶೇಕಡಾ 77ರಷ್ಟು ಮಂದಿಯ ಹೃದಯನಾಳಗಳಲ್ಲಿ ರೋಗದ ಗುರುತು ಬರಿಗಣ್ಣಿಗೇ ಕಂಡಿತ್ತು. ಇನ್ನೊಂದು ತುದಿಯಲ್ಲಿ, ಡಲ್ಲಾಸಿನ ಹೆಲೆನ್ ಹಾಬ್ಸ್ ಮತ್ತು ಜೋನಾಥನ್ ಕೋಹೆನ್ ಗುರುತಿಸಿದ ಕೆಲವು ಕಪ್ಪು ಅಮೆರಿಕನ್ನರು: ಪಿಸಿಎಸ್‌ಕೆ9 ಎಂಬ ವಂಶವಾಹಿಯ ಒಂದು ಪ್ರತಿ ಕೆಲಸ ಮಾಡದ ಕಾರಣ ಅವರ ಎಲ್‌ಡಿಎಲ್ ಹುಟ್ಟಿನಿಂದಲೇ ಶೇಕಡಾ 28ರಷ್ಟು ಕಡಿಮೆ. ಹದಿನೈದು ವರ್ಷ ಗಮನಿಸಿದಾಗ ಅವರಲ್ಲಿ ಹೃದಯನಾಳದ ರೋಗ ಶೇಕಡಾ 88ರಷ್ಟು ಕಡಿಮೆ ಇತ್ತು. ಸ್ವಲ್ಪವೇ ತಗ್ಗು, ಆದರೆ ಜೀವಮಾನವಿಡೀ. 2006ರ ಆ ಲೇಖನವನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಲೆಕ್ಕಪತ್ರದ ಮನುಷ್ಯ, ಚಕ್ರಬಡ್ಡಿ ಅರ್ಥವಾಗುವವನು. ಮೊದಲ ಸಲ ಸುಮ್ಮನೆ ಕೇಳಿದ.

"ಹಾಗಾದರೆ ಈಗಾಗಲೇ ಆಗಿದೆ ಅನ್ನು" ಎಂದ.

ಆಗಿದೆ. ಆದರೆ ಗೋಡೆ ಜೀವಂತ ಎಂದೆನಲ್ಲ, ಅದರ ಇನ್ನೊಂದು ಅರ್ಥವೂ ಇದೆ. ಉಪ್ಪು ಕಟ್ಟಿದ ಕೊಳವೆ ತಾನಾಗಿ ಶುದ್ಧವಾಗದು, ಕೋಶಗಳು ಹಿಂದಿರುಗಬಲ್ಲವು. ಎಲ್‌ಡಿಎಲ್ ಇಳಿಸಿದರೆ ನೈಟ್ರಿಕ್ ಆಕ್ಸೈಡಿನ ಕೆಲಸ ವಾರಗಳಲ್ಲೇ ಸುಧಾರಿಸತೊಡಗುತ್ತದೆ. ಕೊಕ್ಕೆಗಳು ಇಳಿಯುತ್ತವೆ. ಅಯೋವಾದಲ್ಲಿ ಮಾರ್ಕ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಕೋತಿಗಳಿಗೆ ಮೊಟ್ಟೆಯ ಹಳದಿ ತಿನ್ನಿಸಿ ರೋಗ ಬರಿಸಿ, ಆಮೇಲೆ ಆಹಾರ ಬದಲಿಸಿ, ಹೃದಯನಾಳದ ಗಂಟುಗಳು ಕುಗ್ಗಿದ್ದನ್ನು 1970ರಲ್ಲಿ ತೋರಿಸಿದರು. ಗಂಜಿ, ಸುಣ್ಣ, ನಾರು ಸೇರಿದ ಹಳೆಯ ಗಂಟು ಪೂರ್ತಿ ಕರಗುವುದಿಲ್ಲ. ನೊರೆಯ ಹಂತದ ಗೀರಿಗೆ ಮಾತ್ರ ಇನ್ನೂ ಮರಳುವ ದಾರಿ ತೆರೆದಿರುತ್ತದೆ.

ಪಥ್ಯದಿಂದ ಅವನ 218 ಇಳಿದದ್ದು 201ಕ್ಕೆ. ಮೂರು ತಿಂಗಳು ಎಣ್ಣೆ, ಬೆಣ್ಣೆ ಬಿಟ್ಟು ನಿಷ್ಠೆಯಿಂದ ಪ್ರಯತ್ನಿಸಿದ. ವಂಶವಾಹಿಯ ಮುಂದೆ ಅಡುಗೆಮನೆಯ ಶಕ್ತಿ ಅಷ್ಟೇ. ಹೃದ್ರೋಗ ತಜ್ಞರು ಸ್ಟ್ಯಾಟಿನ್ ಬರೆದರು, ಜೊತೆಗೆ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಇನ್ನೊಂದು ಮಾತ್ರೆ. ಸ್ಟ್ಯಾಟಿನ್ ಯಕೃತ್ತಿನ ಒಳಗಿನ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆ ಕಂಡ ಯಕೃತ್ತು ರಕ್ತದಿಂದ ಎತ್ತಿಕೊಳ್ಳಲು ಇನ್ನಷ್ಟು ಗ್ರಾಹಕಗಳನ್ನು ಹೊರಚಾಚುತ್ತದೆ. ತಮ್ಮನಲ್ಲಿ ಉಳಿದಿರುವ ಒಂದು ಒಳ್ಳೆಯ ವಂಶವಾಹಿ ಈಗ ಇಬ್ಬರ ಕೆಲಸ ಮಾಡಬೇಕು. ಈ ಮದ್ದಿನ ಮೂಲವನ್ನು ಅವನಿಗೆ ಹೇಳಿದಾಗ ಬಹಳ ಇಷ್ಟಪಟ್ಟ. ಜಪಾನಿನ ಅಕಿರಾ ಎಂಡೋ 6,000ಕ್ಕೂ ಹೆಚ್ಚು ಬೂಷ್ಟು, ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕ್ಯೋಟೋದ ಧಾನ್ಯದ ಅಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಿಂದ 1973ರಲ್ಲಿ ಮೊದಲ ಸ್ಟ್ಯಾಟಿನ್ ತೆಗೆದರು. ಅದು ಆರಂಭದಲ್ಲೇ ಸಿಕ್ಕ ರೋಗಿಗಳಲ್ಲಿ ಒಬ್ಬಳು, ಎರಡೂ ವಂಶವಾಹಿ ಕೆಟ್ಟು ಹುಟ್ಟಿದ್ದ ಹದಿನೆಂಟರ ಹುಡುಗಿ. ಎಂಡೋ 2024ರಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಾನು ಅವ್ವನಿಗೆ ಅವರ ಬಗ್ಗೆ ಹೇಳಿದ್ದೆ. ಅವಳು ದೇವರ ಮುಂದೆ ದೀಪದ ಬತ್ತಿಯನ್ನು ತುಸು ಎತ್ತರಿಸಿದಳು.

ಆರು ತಿಂಗಳ ನಂತರ ತಮ್ಮ ಕರೆ ಮಾಡಿದ. ನಮಸ್ಕಾರ ಇಲ್ಲ, ಕುಶಲ ಇಲ್ಲ. "ತೊಂಬತ್ತೆರಡು" ಎಂದ.

ಕಳೆದ ಭಾನುವಾರ ಅವನ ಮನೆಗೆ ಹೋಗಿದ್ದೆ. ಅವನ ಮಗಳಿಗೆ ಎಂಟು ವರ್ಷ. ಅಂಗಳದಲ್ಲಿ ಆಡಿ ಮಣ್ಣಾದ ಕಾಲುಗಳನ್ನು ನಾನೇ ತೊಳೆದೆ. ತೊಳೆಯುವಾಗ ಹಿಮ್ಮಡಿಯ ಮೇಲೆ ಹೆಬ್ಬೆರಳು, ತೋರುಬೆರಳು ತಾವಾಗಿ ಹೋದವು. ಸಣ್ಣಗೆ, ಗಟ್ಟಿಯಾಗಿ, ಹುರಿಗೊಳಿಸಿದ ನೂಲಿನಂತಿದೆ. ಆ ವಯಸ್ಸಿನಲ್ಲಿ ಹಿಮ್ಮಡಿ ಏನನ್ನೂ ಹೇಳುವುದಿಲ್ಲ. ಅಪ್ಪನ ಹಿಮ್ಮಡಿಯೂ ಎಂಟರಲ್ಲಿ ಹೀಗೆಯೇ ಇದ್ದಿರಬೇಕು. ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕೆ ಅರ್ಧ.

"ಅತ್ತೆ, ಕಚಗುಳಿ" ಎಂದು ಕಾಲು ಎಳೆದುಕೊಂಡಳು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅವಳ ರಕ್ತ ಕೊಡಿಸಿದೆವು. ಸೂಜಿ ಚುಚ್ಚುವಾಗ ಅವಳು ನನ್ನ ಕೈ ಹಿಡಿದು ಗೋಡೆಯ ಮೇಲಿನ ಚಿತ್ರಪಟ ನೋಡುತ್ತಿದ್ದಳು: ಕಟ್ಟಿಕೊಂಡ ಕೊಳವೆಯ ಚಿತ್ರ. "ಅದೇನು ಅತ್ತೆ?" ಎಂದು ಕೇಳಿದಳು. ಅದು ಹಾಗಲ್ಲ ಪುಟ್ಟಾ, ಎಂದು ಹೇಳಲು ಶುರುಮಾಡಿದೆ.